ವ್ಯಂಗದಿಂದ ವ್ಯಂಗ್ಯಕ್ಕೆ: ಮಗುವಿನ ಕಲಿಕೆಯಲ್ಲಿ ವ್ಯಂಗ್ಯಚಿತ್ರ

ಕನ್ನಡದಲ್ಲಿ ವ್ಯಂಗ್ಯಚಿತ್ರವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಪತ್ರಿಕೋದ್ಯಮದ ಚರ್ಚೆಯಾಗಿಯೇ ಉಳಿದಿದೆ. ಡಾ. ಎಂ. ಶಿವರಾಂ (ರಾಶಿ) ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯಿಂದ ಮೊದಲ್ಗೊಂಡು ದಿನಪತ್ರಿಕೆಗಳ ಮುಖಪುಟದ ಪುಟ್ಟ ಚೌಕದವರೆಗೆ, ರಾಜಕಾರಣದ ವಿಡಂಬನೆ ಮತ್ತು ಸಂಪಾದಕನ ಸ್ವಾತಂತ್ರ್ಯ ಇವೇ ಅದರ ಮುಖ್ಯ ವಸ್ತುಗಳು. ಈ ಚರ್ಚೆಯೊಳಗೆ ಮಗುವಿಗೆ ಪ್ರವೇಶ ದೊರೆಯುವುದು ಎರಡೇ ಬಗೆಯಲ್ಲಿ: ಚಿತ್ರ ನೋಡಿ ನಗುವ ಓದುಗನಾಗಿ, ಇಲ್ಲವೇ ಸ್ಪರ್ಧೆಯಲ್ಲಿ ಬಹುಮಾನ ಪಡೆಯುವ ಬಾಲಪ್ರತಿಭೆಯಾಗಿ. ಇವೆರಡರ ನಡುವೆ ಮೂರನೆಯ ಮಗುವೊಂದಿದೆ. ಮುಂದೆ ಚಿತ್ರಕಾರನಾಗುವ ಉದ್ದೇಶವೇನೂ ಇಲ್ಲದ, ಬಳಪ ಸಿಕ್ಕರೆ ಗೋಡೆಯ ಮೇಲೆ ನೆರೆಮನೆಯವನ ಮೀಸೆ ಬರೆಯುವ ಸಾಮಾನ್ಯ ಮಗು ಅದು. ಆ ಮೀಸೆಯನ್ನು ಬರೆಯುವಾಗ ಮಗು ಏನನ್ನು ಕಲಿಯುತ್ತದೆ, ಆ ಕಲಿಕೆಯನ್ನು ನಮ್ಮ ಶಾಲೆ ಹೇಗೆ ಕಾಣುತ್ತದೆ ಎಂಬುದು ಪ್ರಸ್ತುತ ಲೇಖನದ ವಿಚಾರ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ಪರಿಸರವನ್ನು ಎದುರಿಗಿಟ್ಟುಕೊಂಡು ಇದನ್ನು ಪರಿಶೀಲಿಸಲಾಗಿದೆ.

ಶಾಲೆಯ ಚಿತ್ರ

ನಮ್ಮ ಭಾಗದ ಯಾವುದೇ ಪ್ರಾಥಮಿಕ ಶಾಲೆಗೆ ಹೋಗಿ ‘ಒಂದು ಚಿತ್ರ ಬರೆಯಿರಿ’ ಎಂದರೆ ಮಕ್ಕಳು ಬರೆಯುವುದು ಬಹುತೇಕ ಒಂದೇ ಚಿತ್ರ. ಎರಡು ಚೂಪಾದ ಗುಡ್ಡಗಳು, ನಡುವೆ ಮೇಲೇಳುವ ಸೂರ್ಯ, ಅಲ್ಲಿಂದ ಇಳಿದುಬರುವ ಹೊಳೆ, ದಡದಲ್ಲೊಂದು ಗುಡಿಸಲು, ಪಕ್ಕದಲ್ಲಿ ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿಗಳು. ವರದಾ ದಂಡೆಯ ಮಗುವೂ ತುಂಗಭದ್ರೆಯ ದಂಡೆಯ ಮಗುವೂ ಇದನ್ನೇ ಬರೆಯುತ್ತವೆ. ಆ ದೃಶ್ಯ ಯಾವ ಊರಿನದೂ ಅಲ್ಲ. ಮೆಣಸಿನಕಾಯಿಯ ಕೆಂಪು ರಾಶಿಗಳ ನಡುವೆ ದಿನವೂ ನಡೆದು ಶಾಲೆಗೆ ಬರುವ ಬ್ಯಾಡಗಿಯ ಮಗು ಕಾಗದದ ಮುಂದೆ ಕುಳಿತೊಡನೆ ತಾನು ಎಂದೂ ಕಾಣದ ಗುಡ್ಡವನ್ನು ಬರೆಯುತ್ತದೆ. ‘ಚಿತ್ರವೆಂದರೆ ಇದು’ ಎಂದು ಯಾರೋ ಅದಕ್ಕೆ ಕಲಿಸಿದ್ದಾರೆ. ತನ್ನ ಕಣ್ಣು ಕಂಡದ್ದು ಚಿತ್ರಕ್ಕೆ ಯೋಗ್ಯವಲ್ಲ ಎಂಬುದನ್ನೂ ಅದು ಜೊತೆಯಲ್ಲಿಯೇ ಕಲಿತಿದೆ.

ಇದಕ್ಕೆ ಶಿಕ್ಷಕರನ್ನಷ್ಟೇ ಹೊಣೆ ಮಾಡುವುದು ನ್ಯಾಯವಲ್ಲ. ನಮ್ಮ ಶಾಲಾ ಚಿತ್ರಕಲೆಯ ಪದ್ಧತಿ ವಸಾಹತುಶಾಹಿ ಕಾಲದ ಚಿತ್ರಕಲಾ ಪರೀಕ್ಷೆಗಳ ಅಚ್ಚಿನಲ್ಲಿ ರೂಪುಗೊಂಡದ್ದು. ಮುಂಬಯಿ ಪ್ರಾಂತ್ಯದ ಗ್ರೇಡ್ ಪರೀಕ್ಷೆಗಳ ಪರಂಪರೆಯಲ್ಲಿಯೇ ನಮ್ಮ ಲೋಯರ್ ಮತ್ತು ಹೈಯರ್ ಪರೀಕ್ಷೆಗಳೂ ನಡೆದುಬಂದವು. ವಸ್ತುಚಿತ್ರ, ನಿಸರ್ಗಚಿತ್ರ, ಅಲಂಕಾರ ವಿನ್ಯಾಸ, ಜ್ಯಾಮಿತಿ ಇವುಗಳಲ್ಲಿ ಕೈಯನ್ನು ಪಳಗಿಸುವ ಶಿಸ್ತು ಅಲ್ಲಿದೆ. ಆ ಶಿಸ್ತಿಗೆ ಅದರದೇ ಬೆಲೆಯಿದೆ. ಆದರೆ ಅದರ ಮಾನದಂಡ ಹೋಲಿಕೆ ಮತ್ತು ನಯಗಾರಿಕೆ ಮಾತ್ರ. ಬರೆದವನಿಗೆ ಹೇಳುವುದೇನಾದರೂ ಇತ್ತೇ ಎಂಬ ಪ್ರಶ್ನೆಗೆ ಅಲ್ಲಿ ಅಂಕಗಳಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆಯನ್ನು ಕಡ್ಡಾಯ ವಿಷಯವನ್ನಾಗಿಸಬೇಕೆಂದು ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಾದರೋ ಆರರಿಂದ ಎಂಟನೆಯ ತರಗತಿಗಳಲ್ಲಿ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗಳಲ್ಲಿ, ಅರೆಕಾಲಿಕ ಕಲಾಬೋಧಕರು ಇರಬೇಕೆಂದು ವಿಧಿಸಿ ಅಲ್ಲಿಗೆ ನಿಂತಿತು. ಹೀಗಾಗಿ ಒಂದರಿಂದ ಐದರವರೆಗಿನ ಹಳ್ಳಿಯ ಶಾಲೆಯಲ್ಲಿ ಚಿತ್ರವೆಂಬುದು ತರಗತಿಯ ಗುರುಗಳ ಅಥವಾ ಅಕ್ಕೋರ ಇಷ್ಟಕ್ಕೆ, ಬಿಡುವಿಗೆ ಬಿಟ್ಟ ಮಾತಾಗಿದೆ.

ಒಂಬತ್ತರ ಹೊಸ್ತಿಲು

ಮಕ್ಕಳ ಚಿತ್ರಗಳ ಅಧ್ಯಯನಕ್ಕೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಫ್ರಾನ್ಸಿನ ಜಾರ್ಜ್ ಆನ್ರಿ ಲ್ಯೂಕೆ 1927ರ ತನ್ನ ಗ್ರಂಥದಲ್ಲಿ, ಮಗು ತಾನು ಕಂಡದ್ದಕ್ಕಿಂತ ತಾನು ಬಲ್ಲದ್ದನ್ನು ಬರೆಯುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ನಿರೂಪಿಸಿದ. ಮನೆಯ ಗೋಡೆ ಬರೆದು ಒಳಗಿನ ಒಲೆಯನ್ನೂ ಕಾಣಿಸುವ ಮಗುವಿನ ಚಿತ್ರ ಇದಕ್ಕೆ ಸಾಕ್ಷಿ. ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಬೆಳವಣಿಗೆಯನ್ನು ಹಂತಗಳಾಗಿ ವಿಂಗಡಿಸಿದ. ಸುಮಾರು 2ರಿಂದ 4 ವರ್ಷ ಗೀಚುವ ಹಂತ, 4ರಿಂದ 7 ಆಕೃತಿಗಾಗಿ ತಡಕಾಡುವ ಹಂತ, 7ರಿಂದ 9 ತನ್ನದೇ ಆದ ನಿಶ್ಚಿತ ಆಕೃತಿಗಳನ್ನು ಕಂಡುಕೊಳ್ಳುವ ಹಂತ. ಅದಾದ ಮೇಲೆ ಬರುವುದು ವಾಸ್ತವದ ಅರಿವು ಮೂಡುವ ಹಂತ. ನಮ್ಮ ಚರ್ಚೆಗೆ ಬಹಳ ಮುಖ್ಯವಾದುದು ಇದೇ.

ಒಂಬತ್ತು ಹತ್ತರ ವಯಸ್ಸಿಗೆ ಮಗು ತನ್ನ ಚಿತ್ರವನ್ನು ತಾನೇ ವಿಮರ್ಶಕನ ಕಣ್ಣಿನಿಂದ ನೋಡತೊಡಗುತ್ತದೆ. ತಾನು ಬರೆದ ಎತ್ತು ಎತ್ತಿನಂತಿಲ್ಲ ಎಂಬುದು ಅದಕ್ಕೆ ಕಾಣುತ್ತದೆ. ಎತ್ತಿನಂತೆ ಬರೆಯುವ ಕೌಶಲ ಇನ್ನೂ ಕೈಗೆ ಬಂದಿರುವುದಿಲ್ಲ. ಕಣ್ಣು ಮುಂದೆ ಹೋಗಿ ಕೈ ಹಿಂದೆ ಉಳಿಯುವ ಈ ಅಂತರದಲ್ಲಿ ಬಹುಪಾಲು ಮಕ್ಕಳು ಚಿತ್ರವನ್ನು ಕೈಬಿಡುತ್ತಾರೆ. ಎರಡನೆಯ ತರಗತಿಯಲ್ಲಿ ಕೇಳುವ ಮೊದಲೇ ಬರೆಯುತ್ತಿದ್ದ ಮಗು ಆರನೆಯ ತರಗತಿಗೆ ಬರುವ ಹೊತ್ತಿಗೆ ‘ನನಗ ಬರಂಗಿಲ್ರಿ ಸರ್’ ಎನ್ನುತ್ತದೆ. ಈ ಮಾತನ್ನು ನಾವು ಪ್ರತಿಭೆಯ ಅಭಾವವೆಂದು ತಿಳಿಯುತ್ತೇವೆ. ವಾಸ್ತವವಾಗಿ ಅದು ಒಂದು ಮಾನದಂಡದ ಮುಂದೆ ಮಗು ಒಪ್ಪಿಕೊಂಡ ಸೋಲು.

ವ್ಯಂಗ್ಯಚಿತ್ರದ ಶೈಕ್ಷಣಿಕ ಮಹತ್ವ ಈ ಹೊಸ್ತಿಲಿನಲ್ಲಿ ಸ್ಪಷ್ಟವಾಗುತ್ತದೆ. ಅದು ಮಗುವಿನ ಮುಂದೆ ಬೇರೊಂದು ಮಾನದಂಡವನ್ನು ಇಡುತ್ತದೆ. ಎತ್ತು ಎತ್ತಿನಂತೆಯೇ ಇರಬೇಕಾಗಿಲ್ಲ, ಅದು ಹಟಮಾರಿ ಎತ್ತೆಂಬುದು ನೋಡಿದವರಿಗೆ ತಿಳಿದರೆ ಸಾಕು. ಕೊಂಬು, ಊರಿದ ಕಾಲು, ಹಿಂದೆ ಎಳೆಯುವ ಹಗ್ಗ ಇಷ್ಟೇ ಗೆರೆಗಳಲ್ಲಿ ಅದನ್ನು ಸಾಧಿಸಬಹುದು. ಜಿನೀವಾ ನಗರದಲ್ಲಿ ವಸತಿಶಾಲೆ ನಡೆಸುತ್ತಿದ್ದ ರೊಡಾಲ್ಫ್ ಟಾಪ್ಫರ್ ಎಂಬ ಶಿಕ್ಷಕ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ತನ್ನ ವಿದ್ಯಾರ್ಥಿಗಳ ವಿನೋದಕ್ಕಾಗಿ ಚಿತ್ರಕಥೆಗಳನ್ನು ಬರೆದ. ಇಂದಿನ ಚಿತ್ರಕಥೆಗಳ ಮೂಲಪುರುಷರಲ್ಲಿ ಅವನೊಬ್ಬ. ಎಷ್ಟೇ ಒರಟಾಗಿ ಗೀಚಿದ ಮುಖವಾದರೂ ಅದಕ್ಕೊಂದು ಭಾವ ತಾನಾಗಿಯೇ ಬಂದುಬಿಡುತ್ತದೆ ಎಂದು 1845ರ ತನ್ನ ಪ್ರಬಂಧದಲ್ಲಿ ಅವನು ವಾದಿಸಿದ. ಕಲಾ ಇತಿಹಾಸಕಾರ ಗಾಂಬ್ರಿಚ್ 1960ರಲ್ಲಿ ಇದನ್ನು ‘ಟಾಪ್ಫರನ ನಿಯಮ’ವೆಂದೇ ಕರೆದ. ಚಿತ್ರಕಥೆಯ ಆದಿಯಲ್ಲಿಯೇ ಒಬ್ಬ ಶಾಲಾಮಾಸ್ತರನಿದ್ದಾನೆಂಬುದು ನಾವು ಮರೆಯಬಾರದ ಸಂಗತಿ.

ಲಕ್ಷ್ಮಣರ ಬಾಲ್ಯ

ಕರ್ನಾಟಕದಲ್ಲಿ ಈ ವಿಚಾರಕ್ಕೆ ದೊರೆಯುವ ಅತ್ಯುತ್ತಮ ನಿದರ್ಶನ ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರ ಬಾಲ್ಯ. ಅವರು ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡಂತೆ ಮನೆಯ ನೆಲ, ಗೋಡೆ, ಬಾಗಿಲುಗಳೇ ಅವರ ಮೊದಲ ಕಾಗದ. ಶಾಲೆಯಲ್ಲಿ ಅರಳಿ ಎಲೆಯೊಂದನ್ನು ಬರೆದಾಗ ಗುರುಗಳು ಮೆಚ್ಚಿದ್ದು ತಾನು ಚಿತ್ರಕಾರನೆಂಬ ಭಾವನೆಯನ್ನು ಅವರಲ್ಲಿ ಬಿತ್ತಿತು. ಪತ್ರಿಕೆಯಲ್ಲಿ ಬರುತ್ತಿದ್ದ ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳು ಅವರ ಕಣ್ಣನ್ನು ತಿದ್ದಿದವು. ಮುಂದೆ ಮುಂಬಯಿಯ ಜೆ. ಜೆ. ಕಲಾಶಾಲೆ ಅವರಿಗೆ ಪ್ರವೇಶ ನಿರಾಕರಿಸಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದುತ್ತಲೇ ಅವರು ಚಿತ್ರ ಬರೆದರು, ‘ಕೊರವಂಜಿ’ ಅವರ ಗೆರೆಗಳಿಗೆ ಜಾಗ ಕೊಟ್ಟಿತು. 1951ರಿಂದ ‘ಶ್ರೀಸಾಮಾನ್ಯ’ನ ಮೂಲಕ ಅವರು ದೇಶದ ಮನೆಮಾತಾದರು.

ಈ ಕಥೆಯನ್ನು ಸಾಮಾನ್ಯವಾಗಿ ಪ್ರತಿಭೆಯ ವಿಜಯವೆಂದು ಹೇಳಲಾಗುತ್ತದೆ. ನಮಗೆ ಅದರಲ್ಲಿ ಮುಖ್ಯವಾದ ಅಂಶ ಬೇರೆ. ಮೆಚ್ಚುಗೆ ಪಡೆದ ಚಿತ್ರ ಸಿಂಹಾಸನದ್ದೂ ಅಲ್ಲ, ಸೂರ್ಯೋದಯದ್ದೂ ಅಲ್ಲ. ಅದೊಂದು ಎಲೆ, ಮೈಸೂರಿನ ಬೀದಿಯಲ್ಲಿ ಬಿದ್ದಿರುವಂಥದು. ಬಾಲಕ ಲಕ್ಷ್ಮಣ್ ಹತ್ತಿರದ್ದನ್ನು ನೋಡಿದ, ಗುರು ಆ ನೋಟವನ್ನು ಗುರುತಿಸಿದರು. ಕಾಗೆಯಂಥ ಸಾಮಾನ್ಯ ಹಕ್ಕಿ ಕೊನೆಯವರೆಗೂ ಅವರ ಪ್ರೀತಿಯ ವಸ್ತುವಾಗಿದ್ದುದು ಇದರ ಮುಂದುವರಿಕೆ. ಮಗು ವ್ಯಂಗ್ಯಚಿತ್ರಕಾರನಾಗಬೇಕಿಲ್ಲ, ಆದರೆ ಹತ್ತಿರದ್ದನ್ನು ನೋಡುವ ಹಕ್ಕು ಎಲ್ಲ ಮಕ್ಕಳಿಗೂ ಸೇರಿದ್ದು.

ಮೂರು ಊರುಗಳ ನೋಟ

ಹತ್ತಿರದ್ದನ್ನು ನೋಡುವ ಈ ಮಾತನ್ನು 1997ರಲ್ಲಿ ಧಾರವಾಡದಿಂದ ಬೇರೆಯಾಗಿ ರೂಪುಗೊಂಡ ಹಾವೇರಿ ಜಿಲ್ಲೆಗೆ ಅನ್ವಯಿಸಿ ನೋಡೋಣ. ಹಾವೇರಿಯ ಸಿದ್ಧೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ್ದು. ಚಾಲುಕ್ಯ ಶಿಲ್ಪಿಗಳು ಪ್ರೀತಿಯಿಂದ ಕಡೆದ ಕೀರ್ತಿಮುಖವನ್ನು ಮಗುವಿಗೆ ತೋರಿಸಿದರೆ ಅದು ಮೊದಲು ಬೆದರುತ್ತದೆ, ಆಮೇಲೆ ನಗುತ್ತದೆ. ಉಬ್ಬಿದ ಕಣ್ಣು, ಕಿವಿಯವರೆಗೆ ತೆರೆದ ಬಾಯಿ, ದೇಹವೇ ಇಲ್ಲದ ಮುಖ. ಉತ್ಪ್ರೇಕ್ಷೆಯೆಂಬುದು ಪಶ್ಚಿಮದ ಪತ್ರಿಕೆಗಳಿಂದ ನಮಗೆ ಬಂದ ಎರವಲೇನೂ ಅಲ್ಲವೆಂಬುದಕ್ಕೆ ಅದು ಕಲ್ಲಿನ ಸಾಕ್ಷ್ಯ. ಉತ್ತರ ಕರ್ನಾಟಕದ ತೊಗಲುಗೊಂಬೆಯಾಟದಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ದೇವರು, ಅರಸರ ಗೊಂಬೆ ದೊಡ್ಡದು, ಸೇವಕರ ಗೊಂಬೆ ಚಿಕ್ಕದು. ಪ್ರಾಮುಖ್ಯವನ್ನು ಅಳತೆಯಿಂದ ಹೇಳುವ ಈ ಕ್ರಮವೇ ಐದು ವರ್ಷದ ಮಗುವಿನ ಚಿತ್ರದಲ್ಲಿಯೂ ಇದೆ. ಅವ್ವನನ್ನು ಮನೆಗಿಂತ ದೊಡ್ಡದಾಗಿ ಬರೆಯುವ ಮಗುವಿಗೆ ಪ್ರಮಾಣ ತಿಳಿಯದೆಂದು ನಾವು ತಿದ್ದುತ್ತೇವೆ. ಗೊಂಬೆರಾಮರ ಶಾಸ್ತ್ರದ ಪ್ರಕಾರ ಮಗು ಸರಿಯಾಗಿಯೇ ಬರೆದಿದೆ. ಆ ಆಟದ ಹಾಸ್ಯಗಾರ ಕಿಳ್ಳೇಕ್ಯಾತ ಅರಸನನ್ನೂ ಬಿಡದೆ ಆಡಿಕೊಳ್ಳುತ್ತಾನೆ. ಅವನೂ ಬಂಗಾರಕ್ಕನೂ ನಮ್ಮ ಜನಪದದ ಚಲಿಸುವ ವ್ಯಂಗ್ಯಚಿತ್ರಗಳು.

ರಾಣೆಬೆನ್ನೂರಿನಲ್ಲಿ ಹೋಳಿಹುಣ್ಣಿಮೆಯ ಸಮಯದಲ್ಲಿ ಜೀವಂತ ಕಾಮ–ರತಿಯರನ್ನು ಕೂಡಿಸುವ ಪದ್ಧತಿಯಿದೆ. ವೇಷ ಧರಿಸಿ ಕುಳಿತ ಇಬ್ಬರನ್ನು ನೆರೆದ ಜನ ಚೇಷ್ಟೆ, ಚಾಟೂಕ್ತಿ, ಅಣಕಗಳಿಂದ ನಗಿಸಲು ಯತ್ನಿಸುತ್ತಾರೆ. ಕುಳಿತವರು ನಗಬಾರದು. ನಗಿಸುವುದು ಎಷ್ಟು ಕಷ್ಟದ ವಿದ್ಯೆಯೆಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠವಿಲ್ಲ. ಯಾವ ಮಾತು ಎದುರಿಗಿದ್ದವನನ್ನು ತಾಗುತ್ತದೆ, ಯಾವುದು ಜಾರಿಹೋಗುತ್ತದೆ ಎಂದು ಅಲ್ಲಿ ನಿಂತ ಹುಡುಗ ನೋಡುತ್ತಾನೆ. ಅದೇ ತಾಲ್ಲೂಕಿನ ಕೃಷ್ಣಮೃಗಗಳ ಅಭಯಾರಣ್ಯ 1974ರಲ್ಲಿ ಘೋಷಿತವಾದದ್ದು. ಓಡುವ ಕೃಷ್ಣಮೃಗವನ್ನು ವಿವರವಾಗಿ ಬರೆಯಲು ಯಾರಿಗೂ ಸಾಧ್ಯವಿಲ್ಲ. ತಿರುಚಿದ ಎರಡು ಕೊಂಬು, ಮೇಲಿನ ಕಪ್ಪು, ಕೆಳಗಿನ ಬಿಳುಪು, ನೆಗೆತದ ಕಮಾನು ಇಷ್ಟನ್ನು ಹಿಡಿದರೆ ಅದು ಜಿಂಕೆಯಾಗದೆ ಕೃಷ್ಣಮೃಗವಾಗುತ್ತದೆ. ಒಂದು ವಸ್ತುವನ್ನು ಅದರ ಜಾತಿಯ ಉಳಿದೆಲ್ಲವುಗಳಿಂದ ಬೇರ್ಪಡಿಸುವ ಲಕ್ಷಣವನ್ನು ಹುಡುಕಿ ಉಳಿದುದನ್ನು ಬಿಡುವ ಈ ಕ್ರಿಯೆ ತರ್ಕಶಾಸ್ತ್ರದಲ್ಲಿ ವ್ಯಾಖ್ಯೆ ಮಾಡುವ ಕ್ರಿಯೆಯೇ ಆಗಿದೆ. ವಿಜ್ಞಾನದ ವರ್ಗೀಕರಣಕ್ಕೂ ಅದೇ ತಳಹದಿ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅದರ ಹಿರಿಮೆ ಗಾಢವಾದ ಬಣ್ಣ, ಕಡಿಮೆ ಖಾರ, ಸುಕ್ಕುಗಟ್ಟಿದ ಸಿಪ್ಪೆ. ಕಡ್ಡಿಯಾವುದು, ಡಬ್ಬಿಯಾವುದು ಎಂಬುದು ಅಲ್ಲಿನ ಮಕ್ಕಳಿಗೆ ಯಾರೂ ಹೇಳಿಕೊಡದೆ ಗೊತ್ತು. ಸುಕ್ಕಿನ ಕಾಯಿಯಲ್ಲಿ ಅಜ್ಜಿಯ ಮುಖವನ್ನೋ ತೊಟ್ಟಿನಲ್ಲಿ ಟೊಪ್ಪಿಗೆಯನ್ನೋ ಕಾಣುವುದು ಆ ಮಕ್ಕಳಿಗೆ ಕಷ್ಟವಲ್ಲ. ಆದರೆ ಬ್ಯಾಡಗಿಯ ಮಗುವಿನ ಅನುಭವ ವಿನೋದಕ್ಕೆ ಮಾತ್ರ ಸೀಮಿತವಾಗಿಲ್ಲ. 2024ರ ಮಾರ್ಚ್ ತಿಂಗಳಲ್ಲಿ ದರ ಕುಸಿದುದರಿಂದ ಕೆರಳಿದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿದ್ದಿತು. ಅಂಥ ದಿನದ ಮರುದಿನ ತರಗತಿಗೆ ಬರುವ ಮಗುವಿಗೆ ಆ ವಿಷಯದ ಮೇಲೆ ಪ್ರಬಂಧ ಬರೆಯುವ ಭಾಷೆ ಇರುವುದಿಲ್ಲ. ಗುಡ್ಡ–ಸೂರ್ಯರ ಚಿತ್ರಕ್ಕೆ ಆ ದಿನವನ್ನು ಹೊರುವ ಶಕ್ತಿ ಇಲ್ಲ. ಬಾಡಿದ ಮುಖದ ಒಂದು ಮೆಣಸಿನಕಾಯಿ ತಕ್ಕಡಿಯಲ್ಲಿ ಕುಳಿತಿದೆ, ಇನ್ನೊಂದು ತಟ್ಟೆ ಬರಿದಾಗಿದೆ ಎಂದು ಬರೆಯಬಲ್ಲ ಮಗು ತಾನು ಕಂಡ ಗಲಭೆಗೆ ಒಂದು ಆಕಾರವನ್ನು ಕೊಟ್ಟಿರುತ್ತದೆ. ಭಯವನ್ನು ತನ್ನಿಂದ ಹೊರಗೆ, ಕಾಗದದ ಮೇಲೆ, ನೋಡಬಲ್ಲ ವಸ್ತುವಾಗಿ ಇರಿಸಿರುತ್ತದೆ. ವ್ಯಂಗ್ಯಚಿತ್ರ ‘ಮೋಜಿನ ಚಟುವಟಿಕೆ’ ಎಂಬ ವರ್ಣನೆ ಇಲ್ಲಿ ಸಾಲದಾಗುತ್ತದೆ.

ಮಾತಿನ ಗುಳ್ಳೆ

ವ್ಯಂಗ್ಯಚಿತ್ರದಲ್ಲಿ ಗೆರೆಯ ಜೊತೆಗೆ ಮಾತೂ ಇದೆ. ರಷ್ಯಾದ ಮನೋವಿಜ್ಞಾನಿ ವೈಗಾಟ್ಸ್ಕಿ ಚಿತ್ರವನ್ನು ಬರವಣಿಗೆಯ ಪೂರ್ವಚರಿತ್ರೆಯಾಗಿ ಕಂಡ. ವಸ್ತುಗಳನ್ನಷ್ಟೇ ಅಲ್ಲದೆ ಮಾತನ್ನೂ ಬರೆಯಬಹುದೆಂಬ ಶೋಧವೇ ಮಗುವನ್ನು ಚಿತ್ರದಿಂದ ಅಕ್ಷರಕ್ಕೆ ದಾಟಿಸುತ್ತದೆ ಎಂಬುದು ಅವನ ಅಭಿಪ್ರಾಯ. ಪಾತ್ರದ ಬಾಯಿಂದ ಹೊರಟ ಗುಳ್ಳೆಯೊಳಗೆ ಮಾತು ತುಂಬುವ ಮಗು ಆ ಶೋಧವನ್ನು ಮತ್ತೆ ಮತ್ತೆ ಮಾಡುತ್ತಿರುತ್ತದೆ. ಗುಳ್ಳೆಯಲ್ಲಿ ಜಾಗ ಕಡಿಮೆ. ಆದುದರಿಂದ ಮಾತು ಚಿಕ್ಕದಾಗಬೇಕು, ಅದು ಆ ಪಾತ್ರದ್ದೇ ಆಗಿರಬೇಕು. ನಮ್ಮ ಭಾಗದ ಮಕ್ಕಳಿಗೆ ಇದರಿಂದ ವಿಶೇಷವಾದ ಪ್ರಯೋಜನವಿದೆ. ಅವರ ಮನೆಮಾತಿಗೂ ಪಠ್ಯಪುಸ್ತಕದ ಭಾಷೆಗೂ ನಡುವೆ ದೊಡ್ಡ ಅಂತರವಿದೆ. ‘ಎಲ್ಲಿಗೆ ಹೊಂಟಿಯಪಾ’ ಎಂದು ದಿನವೂ ಕೇಳುವ ಮಗು ನೋಟುಪುಸ್ತಕದಲ್ಲಿ ‘ನೀನು ಎಲ್ಲಿಗೆ ಹೋಗುತ್ತಿರುವೆ’ ಎಂದೇ ಬರೆಯಬೇಕು. ಗುಳ್ಳೆಯೊಳಗೆ ಮನೆಮಾತು, ಚೌಕಟ್ಟಿನ ಕೆಳಗಿನ ವಿವರಣೆಯಲ್ಲಿ ಗ್ರಾಂಥಿಕ ಎಂದು ನಿಯಮಿಸಿದರೆ ಎರಡೂ ಭಾಷೆಗಳು ಒಂದೇ ಪುಟದಲ್ಲಿ ತಮ್ಮ ತಮ್ಮ ಸ್ಥಾನ ಪಡೆಯುತ್ತವೆ. ಮಗು ತನ್ನ ನುಡಿಗೆ ನಾಚದೆ ಶಿಷ್ಟಭಾಷೆಯನ್ನು ಕಲಿಯಬಹುದು.

ಆಡುವ ಮಾತಿಗೆ ಒಂದು ಗುಳ್ಳೆ, ಮನಸ್ಸಿನೊಳಗಿನ ಮಾತಿಗೆ ಮೋಡದಾಕಾರದ ಇನ್ನೊಂದು. ‘ಬರ್ರಿ, ಊಟ ಮಾಡೋಣ’ ಎನ್ನುವವನ ಮನದಲ್ಲಿ ‘ಇವರ್ಯಾವಾಗ ಹೋಗ್ತಾರೋ’ ಎಂದಿರಬಹುದು. ಇನ್ನೊಬ್ಬನ ಮನಸ್ಸು ತನ್ನದಕ್ಕಿಂತ ಬೇರೆಯೆಂಬ ತಿಳಿವಳಿಕೆ ಮಗುವಿನ ಸಾಮಾಜಿಕ ಬೆಳವಣಿಗೆಯ ಮುಖ್ಯ ಮೆಟ್ಟಿಲು. ಅಮೆರಿಕದ ಶಿಕ್ಷಕಿ ಕೆರೊಲ್ ಗ್ರೇ 1994ರಲ್ಲಿ ಆಟಿಸಂ ಇರುವ ಮಕ್ಕಳಿಗಾಗಿ, ಕಡ್ಡಿಗೊಂಬೆಗಳನ್ನೂ ಗುಳ್ಳೆಗಳನ್ನೂ ಬಳಸಿ ಸಂಭಾಷಣೆಯನ್ನು ಬಿಡಿಸಿ ತೋರಿಸುವ ಕ್ರಮವನ್ನು ರೂಪಿಸಿದರು. ಎದುರಿಗಿದ್ದವರ ಮುಖವನ್ನು ಓದಲು ಕಷ್ಟಪಡುವ ಮಗುವಿಗೆ ಎರಡು ಗೆರೆಯ ಹುಬ್ಬು ಸುಲಭವಾಗಿ ತಿಳಿಯುತ್ತದೆಯೆಂಬುದು ಅದರ ಹಿಂದಿನ ನಂಬಿಕೆ.

ನೆನಪಿನ ವಿಷಯದಲ್ಲಿಯೂ ಕೆಲವು ಪ್ರಯೋಗಗಳಿವೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪದಗಳನ್ನು ಬರೆದುಕೊಂಡವರಿಗಿಂತ ಅವುಗಳ ಚಿತ್ರ ಗೀಚಿದವರು ಹೆಚ್ಚು ಪದಗಳನ್ನು ನೆನಪಿಟ್ಟುಕೊಂಡರು. ಚಿತ್ರ ಅಂದವಾಗಿರಬೇಕೆಂಬ ಅಗತ್ಯ ಕಂಡುಬರಲಿಲ್ಲ. ಆದರೆ ಆ ಪ್ರಯೋಗ ನಡೆದದ್ದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ. ಅದನ್ನು ಹಾಗೆಯೇ ಎಂಟು ವರ್ಷದ ಮಗುವಿಗೆ ಅನ್ವಯಿಸಿ, ವ್ಯಂಗ್ಯಚಿತ್ರ ಬರೆದರೆ ಬುದ್ಧಿ ಹೆಚ್ಚುತ್ತದೆ, ಅಂಕ ಹೆಚ್ಚುತ್ತದೆ ಎಂದು ಘೋಷಿಸುವುದು ಅವಸರದ ಮಾತಾದೀತು. ಚಿತ್ರದ ಬೆಲೆಯನ್ನು ಅಂಕಪಟ್ಟಿಯಿಂದ ಸಮರ್ಥಿಸಲು ಹೊರಟರೆ, ಅಂಕ ಹೆಚ್ಚದ ದಿನ ಚಿತ್ರವನ್ನು ಹೊರಹಾಕಲು ನಾವೇ ಕಾರಣ ಒದಗಿಸಿದಂತಾಗುತ್ತದೆ.

ಎರಡು ಆಕ್ಷೇಪಗಳು

ವ್ಯಂಗ್ಯಚಿತ್ರವನ್ನು ಶಾಲೆಗೆ ತರುವುದರ ವಿರುದ್ಧ ಎರಡು ಗಂಭೀರ ಆಕ್ಷೇಪಗಳಿವೆ. ಮೊದಲನೆಯದು ನಕಲಿನದು. ಇಂದಿನ ಮಕ್ಕಳ ಕಾರ್ಟೂನೆಂದರೆ ದೂರದರ್ಶನದ ಛೋಟಾ ಭೀಮ್, ಡೋರೆಮಾನ್. ಗುಡ್ಡ–ಸೂರ್ಯರ ಜಾಗದಲ್ಲಿ ಛೋಟಾ ಭೀಮ್ ಬಂದು ಕುಳಿತರೆ ಆದ ಲಾಭವೇನು? ಲೋವೆನ್‌ಫೆಲ್ಡ್ ಸಿದ್ಧ ಚಿತ್ರಗಳಿಗೆ ಬಣ್ಣ ತುಂಬಿಸುವುದನ್ನು ಕಟುವಾಗಿ ವಿರೋಧಿಸಿದ. ಬ್ರೆಂಟ್ ಮತ್ತು ಮಾರ್ಜರಿ ವಿಲ್ಸನ್ ದಂಪತಿಗಳು 1970ರ ದಶಕದಲ್ಲಿ ಇದಕ್ಕೆ ಎದುರಾದ ವಾದ ಮಂಡಿಸಿದರು. ಮಕ್ಕಳು ಚಿತ್ರ ಕಲಿಯುವುದೇ ಇತರ ಚಿತ್ರಗಳಿಂದ, ಚಿತ್ರಕಥೆಗಳಿಂದ ಎರವಲು ಪಡೆದು ಎಂಬುದು ಅವರ ಶೋಧನೆ. ಎರಡರಲ್ಲಿಯೂ ಸತ್ಯವಿದೆ. ಮಾತು ಕಲಿಯುವ ಮಗುವೂ ಇತರರ ಮಾತನ್ನೇ ಎರವಲು ಪಡೆಯುತ್ತದೆ, ಆದರೆ ತನ್ನ ಹಸಿವನ್ನು ಹೇಳಲು ಅದನ್ನು ಬಳಸುತ್ತದೆ. ಛೋಟಾ ಭೀಮನನ್ನು ಬರೆಯುವ ಮಗುವಿಗೆ ‘ಅವನು ನಿಮ್ಮೂರಿನ ಹೋರಿಹಬ್ಬಕ್ಕೆ ಬಂದರೆ ಏನಾಗುತ್ತದೆ?’ ಎಂದು ಕೇಳಬೇಕು. ಕೊರಳಿಗೆ ಕೊಬ್ಬರಿಸರ ಕಟ್ಟಿಕೊಂಡು ಜನರ ನಡುವೆ ನುಗ್ಗುವ ಹೋರಿಯನ್ನು ಛೋಟಾ ಭೀಮನ ಚಿತ್ರಕಾರರು ಬರೆದುಕೊಟ್ಟಿಲ್ಲ. ಅದನ್ನು ಮಗುವೇ ನೋಡಿ ಬರೆಯಬೇಕು. ಎರವಲು ಅಲ್ಲಿಗೆ ಮುಗಿಯುತ್ತದೆ.

ಎರಡನೆಯ ಆಕ್ಷೇಪ ಅಪಹಾಸ್ಯದ್ದು. ಇದು ಹೆಚ್ಚು ಗಂಭೀರವಾದುದು, ಇದನ್ನು ಕುರಿತು ನನ್ನದೇ ಅನುಭವವೊಂದನ್ನು ದಾಖಲಿಸುವುದು ಅಪ್ರಸ್ತುತವಾಗಲಾರದು. ಐದನೆಯ ತರಗತಿಯಲ್ಲಿದ್ದಾಗ ಒಮ್ಮೆ ನಾನು ಪಾಟಿಯ ಮೇಲೆ ಕುರ್ಚಿಯಲ್ಲಿ ತೂಕಡಿಸುವ ನಮ್ಮ ಮಾಸ್ತರರನ್ನು ಬರೆದೆ. ಟೊಪ್ಪಿಗೆ ಮೂಗಿನವರೆಗೆ ಜಾರಿತ್ತು. ಅಂಗೈಗೆ ಬಿದ್ದ ಏಟು, ಎಂಜಲು ಹಚ್ಚಿ ಪಾಟಿ ಒರೆಸಿಕೊಂಡದ್ದು ಇಂದಿಗೂ ನೆನಪಿದೆ. ಅದೇ ವಾರ ಇನ್ನೊಂದು ಚಿತ್ರ ಬರೆದೆ. ಪೋಲಿಯೋದಿಂದ ಒಂದು ಕಾಲು ಸೊರಗಿದ್ದ ಗೆಳೆಯನೊಬ್ಬ ನಡೆಯುವ ಬಗೆಯದು. ತರಗತಿ ನಕ್ಕಿತು, ಮಾಸ್ತರರೂ ನಕ್ಕರು. ಏಟು ಬೀಳಲಿಲ್ಲ. ಆ ಗೆಳೆಯ ಮರುದಿನದಿಂದ ನನ್ನ ಪಕ್ಕದಲ್ಲಿ ಕೂಡಲಿಲ್ಲ. ದೊಡ್ಡವರನ್ನು ಕಂಡಂತೆ ಬರೆಯಬಾರದು, ಕೈಲಾಗದವರನ್ನು ಹೇಗೆ ಬೇಕಾದರೂ ಬರೆಯಬಹುದು ಎಂಬ ಪಾಠವನ್ನು ಆ ವಾರ ನಾನು ಕಲಿತೆ. ಅದು ತಪ್ಪು ಪಾಠವೆಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ನಮ್ಮ ಕಾವ್ಯಶಾಸ್ತ್ರ ಈ ಸಮಸ್ಯೆಗೆ ಒಂದು ಹೆಸರನ್ನು ಒದಗಿಸುತ್ತದೆ. ಭರತನು ಹಾಸ್ಯರಸದ ವಿಭಾವಗಳನ್ನು ಹೇಳುವಾಗ ವಿಕೃತ ವೇಷ, ಅಸಂಬದ್ಧ ಪ್ರಲಾಪ ಮೊದಲಾದವುಗಳೊಡನೆ ‘ವ್ಯಂಗದರ್ಶನ’ವನ್ನೂ, ಎಂದರೆ ಅಂಗವಿಕಲತೆಯನ್ನು ಕಾಣುವುದನ್ನೂ, ಸೇರಿಸಿದ್ದಾನೆ. ಮನುಷ್ಯರು ಅದಕ್ಕೂ ನಗುತ್ತಾರೆಂಬ ಸತ್ಯವನ್ನು ಅವನು ಮರೆಮಾಚಲಿಲ್ಲ. ಆದರೆ ಸ್ಮಿತದಿಂದ ಅತಿಹಸಿತದವರೆಗೆ ನಗೆಯ ಆರು ಬಗೆಗಳನ್ನು ಹೇಳಿ, ಅವುಗಳನ್ನು ನಗುವವರ ಉತ್ತಮ, ಮಧ್ಯಮ, ಅಧಮ ಪ್ರಕೃತಿಗಳಿಗೆ ಹಂಚಿದ. ಒಂಬತ್ತನೆಯ ಶತಮಾನದ ಆನಂದವರ್ಧನನು ಪ್ರತಿಷ್ಠಾಪಿಸಿದ ‘ವ್ಯಂಗ್ಯ’ ಇದಕ್ಕಿಂತ ತೀರ ಬೇರೆಯಾದುದು. ಹೇಳದೆ ಹೊಳೆಯಿಸುವ ಅರ್ಥ ಅದು, ಧ್ವನಿ ಅದರ ಹೆಸರು. ವ್ಯಂಗ, ವ್ಯಂಗ್ಯ ಈ ಎರಡು ಶಬ್ದಗಳ ನಡುವೆ ಇರುವುದು ಒಂದು ಯಕಾರ ಮಾತ್ರ. ಶರೀರದ ಕೊರತೆಯನ್ನು ತೋರಿಸಿ ನಗಿಸುವುದು ವ್ಯಂಗ. ನಡತೆಯ, ಮಾತಿನ, ಅಧಿಕಾರದ ಒಳಗಿರುವ ವಿಸಂಗತಿಯನ್ನು ಹೊಳೆಯಿಸುವುದು ವ್ಯಂಗ್ಯ. ತೂಕಡಿಸುವ ಮಾಸ್ತರರ ಚಿತ್ರ ಒರಟಾಗಿದ್ದರೂ ವ್ಯಂಗ್ಯಕ್ಕೆ ಹತ್ತಿರವಾಗಿತ್ತು. ಗೆಳೆಯನ ಕಾಲಿನ ಚಿತ್ರ ಬರಿಯ ವ್ಯಂಗ. ಮಗುವನ್ನು ಮೊದಲನೆಯದರಿಂದ ಎರಡನೆಯದಕ್ಕೆ ದಾಟಿಸುವ ಯಕಾರವನ್ನು ಕಲಿಸುವುದೇ ಶಿಕ್ಷಕನ ಕೆಲಸ. ಚಿತ್ರವನ್ನೇ ನಿಷೇಧಿಸಿದ ಶಾಲೆ ಆ ಕೆಲಸವನ್ನು ಮಾಡಲಾರದು. ಏಕೆಂದರೆ ಮಗು ಶೌಚಾಲಯದ ಗೋಡೆಯ ಮೇಲೆ ಹೇಗೂ ಬರೆಯುತ್ತದೆ, ಅಲ್ಲಿ ತಿದ್ದುವವರಿರುವುದಿಲ್ಲ.

ಈ ಗೆರೆ ಎಷ್ಟು ಸೂಕ್ಷ್ಮವೆಂಬುದಕ್ಕೆ 2012ರ ಘಟನೆಯೊಂದನ್ನು ನೆನೆಯಬಹುದು. ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಮಂಡಳಿಯ ಹನ್ನೊಂದನೆಯ ತರಗತಿಯ ರಾಜ್ಯಶಾಸ್ತ್ರ ಪಠ್ಯದಲ್ಲಿ ಶಂಕರ್ ಅವರು 1949ರಲ್ಲಿ ಬರೆದ ಚಿತ್ರವೊಂದಿತ್ತು. ಬಸವನಹುಳುವಿನಂತೆ ತೆವಳುವ ಸಂವಿಧಾನ, ಅದರ ಮೇಲೆ ಅಂಬೇಡ್ಕರ್, ಹಿಂದೆ ಚಾಟಿ ಹಿಡಿದ ನೆಹರೂ. ಸಂಸತ್ತಿನಲ್ಲಿ ಪ್ರತಿಭಟನೆಯಾಗಿ ಚಿತ್ರ ಪಠ್ಯದಿಂದ ಹೊರಹೋಯಿತು. ಮಕ್ಕಳಿಗೆ ವ್ಯಂಗ್ಯ ತಿಳಿಯದೆಂಬ ವಾದ ಒಪ್ಪತಕ್ಕದ್ದಲ್ಲ. ಆದರೆ ಚಾಟಿಯ ಚಿತ್ರ ಎಲ್ಲ ಮಕ್ಕಳಿಗೂ ಒಂದೇ ಅರ್ಥ ಕೊಡುವುದಿಲ್ಲವೆಂಬ ನೋವಿನ ಮಾತನ್ನು ತಳ್ಳಿಹಾಕುವಂತೆಯೂ ಇರಲಿಲ್ಲ. ಯಾರ ಬೆನ್ನಿನ ಮೇಲೆ ಚಾಟಿಯ ಇತಿಹಾಸವಿದೆಯೋ ಅವರು ಆ ಗೆರೆಯನ್ನು ಬೇರೆಯಾಗಿ ಓದುತ್ತಾರೆ. ಚಿತ್ರವನ್ನು ತೆಗೆದುಹಾಕಿ ಆ ಚರ್ಚೆಯನ್ನು ಮುಗಿಸಲಾಯಿತು. ಅದು ತರಗತಿಯಲ್ಲಿ ನಡೆದಿದ್ದರೆ ಅದಕ್ಕಿಂತ ಒಳ್ಳೆಯ ಪೌರಶಿಕ್ಷಣ ಬೇರೆ ಇರುತ್ತಿರಲಿಲ್ಲ.

ತರಗತಿಯ ಕ್ರಮ

ಇದಕ್ಕೆಲ್ಲ ದುಬಾರಿಯಾದ ಸಾಮಗ್ರಿ ಬೇಕಿಲ್ಲ, ಕರಿಹಲಗೆ ಮತ್ತು ಸೀಮೆಸುಣ್ಣ ಸಾಕು. ಮೊದಲು ಒಂದು ವೃತ್ತ. ಅದಕ್ಕೆ ಮೂರು ಬಗೆಯ ಹುಬ್ಬು, ಮೂರು ಬಗೆಯ ಬಾಯಿ ಕೊಟ್ಟರೆ 9 ಮುಖಗಳಾಗುತ್ತವೆ. ಮೂರು ಬಗೆಯ ಕಣ್ಣು ಸೇರಿಸಿದರೆ 27. ಗಣಿತದ ಸಂಯೋಜನೆಯ ಪಾಠವೂ ಭಾವಗಳ ಹೆಸರು ಹುಡುಕುವ ಭಾಷಾಪಾಠವೂ ಇಲ್ಲಿ ಒಂದಾಗುತ್ತವೆ. ಏಕೆಂದರೆ 27 ಮುಖಗಳಿಗೆ ‘ಖುಷಿ’, ‘ಸಿಟ್ಟು’ ಎಂಬ ಎರಡು ಹೆಸರು ಸಾಲುವುದಿಲ್ಲ. ಮುನಿಸು, ಹುಸಿಗೋಪ, ಬೇಸರ, ಅಚ್ಚರಿ, ಸಂಕೋಚ ಎಂದು ಮಗು ಶಬ್ದಗಳನ್ನು ಹುಡುಕಬೇಕಾಗುತ್ತದೆ. ಎರಡನೆಯದು ಓದಿದ ಪಾಠವೊಂದನ್ನು ಮೂರೇ ಚೌಕಗಳಲ್ಲಿ ಹೇಳುವುದು. ಯಾವುದನ್ನು ಬಿಡಬೇಕೆಂದು ನಿರ್ಧರಿಸಲಾರದ ಮಗು ಪಾಠವನ್ನು ಗ್ರಹಿಸಿಲ್ಲವೆಂದೇ ಅರ್ಥ. ಮೂರನೆಯದು, ಇನ್ನೊಬ್ಬರ ವಿಡಂಬನೆಗೆ ಮೊದಲು ತನ್ನದೇ ವಿಡಂಬನಚಿತ್ರ ಬರೆಯಬೇಕೆಂಬ ನಿಯಮ. ತನ್ನ ಕಿವಿಯನ್ನು ತಾನೇ ದೊಡ್ಡದು ಮಾಡಿ ನಕ್ಕ ಮಗುವಿಗೆ ಇನ್ನೊಬ್ಬರ ಕಾಲನ್ನು ಬರೆಯುವಾಗ ಕೈ ತಡೆಯುತ್ತದೆ.

ಮೌಲ್ಯಮಾಪನದಲ್ಲಿಯೂ ಮೂರೇ ಪ್ರಶ್ನೆಗಳು ಸಾಕು. ಈ ಚಿತ್ರ ಏನು ಹೇಳುತ್ತಿದೆ? ಅದನ್ನು ಹೇಳಲು ಬೇಡವಾದ ಗೆರೆ ಯಾವುದು? ಇದರಲ್ಲಿ ಬಂದ ವ್ಯಕ್ತಿ ಇದನ್ನು ನೋಡಿದರೆ ನಗಬಹುದೇ? ಅಂದ, ಸ್ವಚ್ಛತೆ, ಹೋಲಿಕೆಗಳಿಗೆ ಬೇರೆ ತರಗತಿಗಳಿವೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿಗೆ ಜಿಲ್ಲೆಯ ಮಕ್ಕಳು ಪ್ರವಾಸ ಹೋಗುತ್ತಾರೆ. ಹಳ್ಳಿಯ ಬದುಕನ್ನು ಯಥಾವತ್ತಾಗಿ ಹಿಡಿದ ಅಲ್ಲಿನ ಶಿಲ್ಪಗಳ ಮುಂದೆ ‘ಥೇಟ್ ನಮ್ಮಜ್ಜನಂಗ ಅದಾನ’ ಎಂದು ಬೆರಗಾಗುತ್ತಾರೆ. ಹೋಲಿಕೆಯ ಆ ಸಂತೋಷ ದೊಡ್ಡದೇ. ಮರಳಿ ಬಂದ ಮೇಲೆ ಆ ಅಜ್ಜನನ್ನು ಐದು ಗೆರೆಗಳಲ್ಲಿ ಬರೆಯಲು ಹೇಳಿದರೆ ಇನ್ನೊಂದು ಬಗೆಯ ಸಂತೋಷವೂ ಅದಕ್ಕೆ ಕೂಡುತ್ತದೆ.

ಮಕ್ಕಳ ಚಿತ್ರಕ್ಕೆ ಸಾರ್ವಜನಿಕ ವೇದಿಕೆಗಳು ನಮ್ಮ ದೇಶದಲ್ಲಿ ಇಲ್ಲದಿಲ್ಲ. ಶಂಕರ್ 1949ರಲ್ಲಿಯೇ ಮಕ್ಕಳ ಚಿತ್ರಸ್ಪರ್ಧೆಯನ್ನು ಆರಂಭಿಸಿದರು. ಬೆಂಗಳೂರಿನಲ್ಲಿ 2001ರಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ ಸ್ಥಾಪಿತವಾಗಿ, ಮುಂದೆ ಅದರದೇ ಗ್ಯಾಲರಿಯೂ ತೆರೆಯಿತು. ಕುಂದಾಪುರದಲ್ಲಿ ಸತೀಶ್ ಆಚಾರ್ಯರ ಮುಂದಾಳುತನದ ‘ಕಾರ್ಟೂನು ಹಬ್ಬ’ ಮಕ್ಕಳನ್ನೂ ಸೇರಿಸಿಕೊಂಡು ನಡೆದಿದೆ. ಇವೆಲ್ಲ ಸ್ತುತ್ಯ ಪ್ರಯತ್ನಗಳು. ಆದರೆ ಸ್ಪರ್ಧೆ ಮತ್ತು ಹಬ್ಬಗಳು ತಲುಪುವುದು ಈಗಾಗಲೇ ಬರೆಯುವ ಮಗುವನ್ನು. ‘ನನಗ ಬರಂಗಿಲ್ಲ’ ಎಂದು ಬಳಪ ಕೆಳಗಿಟ್ಟ ಮಗುವನ್ನು ತಲುಪಬಲ್ಲವರು ಅದರ ತರಗತಿಯ ಗುರುಗಳು, ಅಕ್ಕೋರು ಮಾತ್ರ.

ಒಟ್ಟಿನಲ್ಲಿ, ಮಗುವಿನ ಬೆಳವಣಿಗೆಯಲ್ಲಿ ವ್ಯಂಗ್ಯಚಿತ್ರದ ಪಾತ್ರ ಕೈಯ ಕೌಶಲಕ್ಕಿಂತ ಹೆಚ್ಚಾಗಿ ವಿವೇಕಕ್ಕೆ ಸಂಬಂಧಿಸಿದ್ದು. ಹತ್ತಿರದ್ದನ್ನು ನೋಡುವುದು, ಮುಖ್ಯವಾದುದನ್ನು ಆರಿಸುವುದು, ಉಳಿದುದನ್ನು ಬಿಡುವುದು, ಇನ್ನೊಬ್ಬನ ಮನಸ್ಸನ್ನು ಊಹಿಸುವುದು, ಯಾರನ್ನು ಕುರಿತು ಏಕೆ ನಗುತ್ತಿದ್ದೇನೆಂದು ಕೇಳಿಕೊಳ್ಳುವುದು ಇವು ವಿಮರ್ಶೆಯ ಗುಣಗಳೂ ಹೌದು. ಒಂಬತ್ತು ವರ್ಷದ ಮಗು ತನ್ನ ಎತ್ತಿನ ಚಿತ್ರವನ್ನು ನೋಡಿ ಅತೃಪ್ತಿಯಿಂದ ಒರೆಸುವಾಗ ಅದು ವಿಮರ್ಶಕನಾಗಿರುತ್ತದೆ. ಆ ಕ್ಷಣದಲ್ಲಿ ಅದರ ಕೈಗೆ ಇನ್ನೊಂದು ಬಗೆಯ ಗೆರೆಯನ್ನು ಕೊಡಬಲ್ಲ ಶಿಕ್ಷಕ ಪಕ್ಕದಲ್ಲಿರಬೇಕು. ನನ್ನ ಪಾಟಿಯ ಎರಡು ಚಿತ್ರಗಳನ್ನು ಎದುರುಬದುರಾಗಿ ಇಟ್ಟು ‘ಇವೆರಡರಲ್ಲಿ ಏನು ಭೇದ, ಹೇಳು ನೋಡೋಣ’ ಎಂದು ಅಂದು ಯಾರಾದರೂ ಕೇಳಿದ್ದರೆ, ಈ ಲೇಖನದ ಮುಖ್ಯ ವಿಚಾರವನ್ನು ನಾನು ಆ ತರಗತಿಯಲ್ಲಿಯೇ ಕಲಿಯುತ್ತಿದ್ದೆ.